ಸಾವಿರದ ಒಂದನೆಯ ಸುಳ್ಳು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮಲ್ಲಿದೆ. ಅದನ್ನು ನಂಬಿಕೊಂಡೇ ಮೂರು ವರ್ಷದ ಹಿಂದೆ ನಾನು ಅಕ್ಕನ ಹೆಸರಲ್ಲಿ ಮದುವೆಯ ಜಾಲತಾಣವೊಂದರಲ್ಲಿ ಪ್ರೊಫೈಲ್ ತೆರೆದೆ. ಅವಳಿಗಾಗ 41. ನಾನು 38 ಎಂದು ಬರೆದೆ. ಫೋಟೊ ಐದು ವರ್ಷ ಹಳೆಯದು. ಅಕ್ಕ ಮುಜುಗರಪಟ್ಟಾಗ, "ಎಲ್ಲರೂ ಹಾಕೋದು ಹೀಗೇ ಬಿಡೇ" ಎಂದೆ.

ಎರಡು ವಾರಕ್ಕೆ ಒಬ್ಬ ಬಂದ. ಸ್ಕಾಟ್ಲೆಂಡಿನಲ್ಲಿ ಡಾಕ್ಟರು, ಹೆಂಡತಿ ತೀರಿಕೊಂಡಿದ್ದಾಳೆ, ತಾಯಿಯ ಊರು ಮಂಗಳೂರು. ಮೊದಲ ದಿನವೇ ಮಾತನ್ನು ಜಾಲತಾಣದಿಂದ ವಾಟ್ಸಾಪಿಗೆ ದಾಟಿಸಿದ. ವಿಡಿಯೊ ಕಾಲ್ ಎಂದಾಗಲೆಲ್ಲ ಆಪರೇಷನ್ ಇರುತ್ತಿತ್ತು. ಆರನೇ ವಾರ ಉಡುಗೊರೆ ಕಳಿಸಿದೆ ಎಂದ. ಹಿಂದೆಯೇ ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಎಂದು ಹೆಂಗಸೊಬ್ಬಳ ಫೋನು: ಪಾರ್ಸೆಲ್‌ನಲ್ಲಿ ಚಿನ್ನವಿದೆ, ಪೌಂಡುಗಳಿವೆ, 45,000 ರೂಪಾಯಿ ಸುಂಕ ಕಟ್ಟಿ, ಇಲ್ಲದಿದ್ದರೆ ಕೇಸು. ಅಕ್ಕ ಕಟ್ಟಿದಳು. ಆಮೇಲೆ ದಂಡ, ಅದಾದ ಮೇಲೆ ಯಾವುದೋ ಸರ್ಟಿಫಿಕೇಟು. ನನಗೆ ಗೊತ್ತಾಗುವಷ್ಟರಲ್ಲಿ 3,20,000 ರೂಪಾಯಿ ಹೋಗಿತ್ತು.

ಈಗ ಒಂದೊಂದು ಗುರುತೂ ಕಣ್ಣಿಗೆ ಹೊಡೆಯುತ್ತದೆ. ಸರ್ಕಾರದ ಸುಂಕ ಯಾರದೋ ಸ್ವಂತ ಖಾತೆಗೆ ಹೋಗುವುದಿಲ್ಲ. ಆ ಫೋಟೊವನ್ನು ಗೂಗಲ್‌ಗೆ ಹಾಕಿ ಹುಡುಕಿದರೆ ಬೇರೆ ದೇಶದ, ಬೇರೆ ಹೆಸರಿನ ಮನುಷ್ಯ ಸಿಕ್ಕ; ತನ್ನ ಮುಖ ಎಲ್ಲೆಲ್ಲಿ ಪ್ರೀತಿ ಮಾಡುತ್ತಿದೆ ಎಂಬುದು ಪಾಪ ಅವನಿಗೂ ತಿಳಿದಿರಲಾರದು. ಹಣ ಹೋದ ಕೂಡಲೇ 1930ಕ್ಕೆ ಫೋನ್ ಮಾಡಿದ್ದರೆ ಸ್ವಲ್ಪವಾದರೂ ತಡೆಹಿಡಿಯಬಹುದಿತ್ತೇನೋ. ಅಕ್ಕ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಬಾಯಿ ಕಟ್ಟಿದ್ದು ನಾಚಿಕೆ. ಕೊನೆಗೆ ಹೇಳಿದಾಗ ಎಲ್ಲರೂ ಕೇಳಿದ್ದು ಒಂದೇ: "ಟೀಚರ್ ಆಗಿ ನೀನೇ ಹೀಗೆ ಮಾಡಿದರೆ ಹೇಗೆ?" ಮನೆಗೆ ಕನ್ನ ಬಿದ್ದವರನ್ನು ನಾವು ಸಂತೈಸುತ್ತೇವೆ, ನಂಬಿ ಕೆಟ್ಟವರನ್ನು ವಿಚಾರಣೆಗೆ ನಿಲ್ಲಿಸುತ್ತೇವೆ.

ನಾನು ಆ ಸುಳ್ಳುಗಾರನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಅಕ್ಕ ತಣ್ಣಗೆ ಹೇಳಿದಳು: "ಸುಳ್ಳು ನೀನೂ ಬರೆದಿದ್ದೆಯಲ್ಲೋ. ಮೂರನೇ ದಿನವೇ ನಾನು ಅವನಿಗೆ ನಿಜವಾದ ವಯಸ್ಸು ಹೇಳಿದೆ. ನಿಮ್ಮಷ್ಟು ಪ್ರಾಮಾಣಿಕರನ್ನು ನೋಡಿಲ್ಲ ಅಂದ. ನಾನು ನಂಬಿದ್ದು ಅಲ್ಲಿಂದ."

ನನ್ನ ಸುಳ್ಳೂ ಅವನ ಸುಳ್ಳೂ ಒಂದೇನಾ? ಅಲ್ಲ ಎಂದು ವಾದಿಸಿದೆ. ನನ್ನದು ಹೆಣ್ಣು ನೋಡಲು ಬಂದ ದಿನ, ಜಾತಕ ಬಿಚ್ಚಿದ ದಿನ ಬಯಲಾಗುವಂಥದ್ದು. ಗಾದೆಯ ಸಾವಿರ ಸುಳ್ಳಿಗೂ ನಾಳೆ ಎದುರು ನಿಂತು ಜವಾಬು ಹೇಳಬೇಕಾದ ಮಧ್ಯಸ್ಥನೊಬ್ಬ ಇರುತ್ತಿದ್ದ. ಅವನದು ಮುಖಾಮುಖಿ ಆಗದವರೆಗೆ ಮಾತ್ರ ಬದುಕುವ ಸುಳ್ಳು. ಈ ವ್ಯತ್ಯಾಸ ಸಣ್ಣದಲ್ಲ. ಆದರೂ, ಇನ್ನೊಬ್ಬರು ಏನು ತಿಳಿದು ನಿರ್ಧಾರ ಮಾಡಬೇಕೆಂಬುದನ್ನು ಅವರಿಗೆ ಗೊತ್ತಿಲ್ಲದಂತೆ ನಾವೇ ತೀರ್ಮಾನಿಸುವುದರಲ್ಲಿ ನಾನೂ ಅವನೂ ನೆಂಟರೇ.

ಇನ್ನೊಂದು ಮಾತು ಆಮೇಲೆ ತಿಳಿಯಿತು. ಅವನ ದನಿಗೂ ಫೋಟೊಗೂ ಹೊಂದುವುದಿಲ್ಲ ಎಂದು ಅಕ್ಕನಿಗೆ ಮೊದಲೇ ಅನ್ನಿಸಿತ್ತಂತೆ. ಆಗ ಅವಳು ತನಗೆ ತಾನೇ ಹೇಳಿಕೊಂಡದ್ದು ನನ್ನದೇ ಮಾತು: ಎಲ್ಲರೂ ಹಾಕೋದು ಹೀಗೇ. ನಮ್ಮೆಲ್ಲರ ಸಣ್ಣ ಸುಳ್ಳುಗಳ ನೆರಳಲ್ಲಿ ದೊಡ್ಡ ಸುಳ್ಳು ಆರಾಮವಾಗಿ ಕೂತಿತ್ತು.

ಆ ಕಡೆ ಟೈಪ್ ಮಾಡುತ್ತಿದ್ದವನು ಯಾರೋ. ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿ ಕೆಲಸದ ಆಸೆ ತೋರಿಸಿ ಕರೆದೊಯ್ದವರನ್ನು ಕೂಡಿಹಾಕಿ ಇಂಥ ಪ್ರೇಮಸಂದೇಶ ಬರೆಸುವ ಕೇಂದ್ರಗಳಿವೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಮರಳಿದ ನೂರಾರು ಭಾರತೀಯರು ಅಂಥ ಕಡೆ ಸಿಕ್ಕಿಬಿದ್ದವರು. ಅವರೂ ಒಂದು ಸುಳ್ಳು ಜಾಹೀರಾತನ್ನು ನಂಬಿ ಹೋದವರೇ. ಹೀಗೆ ಯೋಚಿಸಿದರೆ ಸಿಟ್ಟು ಎಲ್ಲಿಗೆ ಗುರಿ ಇಡಬೇಕೆಂದೇ ತೋಚುವುದಿಲ್ಲ.

ಹಾಗಾದರೆ ಯಾರನ್ನೂ ನಂಬಬಾರದೇ? ಅಕ್ಕ ಒಂದು ನಿಯಮ ಮಾಡಿಕೊಂಡಿದ್ದಾಳೆ: ಮನಸ್ಸು ಕೊಡುವುದು ನನ್ನಿಷ್ಟ, ಎದುರು ಕೂತು ಮಾತಾಡದವರಿಗೆ ದುಡ್ಡು ಮಾತ್ರ ಇಲ್ಲ.

ಹೋದ ತಿಂಗಳು ತಾನೇ ಹೊಸ ಪ್ರೊಫೈಲ್ ತೆರೆದಳು. ವಯಸ್ಸು 44. ಜಗಲಿಯ ಬೆಳಕಿನಲ್ಲಿ ನನ್ನಿಂದಲೇ ಫೋಟೊ ತೆಗೆಸಿಕೊಂಡಳು, ನರೆಗೂದಲು ಕಾಣುವಂತೆ. ಹಿಂದೆ ವಾರಕ್ಕೆ ಹತ್ತು ಕೋರಿಕೆ ಬರುತ್ತಿದ್ದವು. ಈ ಸಲ ತಿಂಗಳಿಗೆ ಎರಡು ಬಂದಿವೆ.