ಕಷ್ಟವನ್ನು ಅಳೆಯುವವರು ಯಾರು?

ಹಳಿಯಾಳ, ಮುಂಡಗೋಡಗಳ ಕಣದಲ್ಲಿ ಭತ್ತವನ್ನು ಯಾರು ಅಳೆದರೂ ಲೆಕ್ಕವು ಒಂದೇ ಆಗಿರಬೇಕು. ಮನುಷ್ಯರ ಕಷ್ಟವನ್ನು ಹಾಗೆ ಅಳೆಯಬಹುದೋ? ಹೇಳಲು ನಾಚಿಕೆಯಾಗುವ ಒಂದು ರೋಗದ ಮೂಲಕ ಇದನ್ನು ವಿಚಾರಿಸೋಣ. ಕೆಮ್ಮಿದರೆ, ಕಟ್ಟಿಗೆಯ ಹೊರೆಯನ್ನು ಎತ್ತಿದರೆ ಮೂತ್ರವು ತಾನಾಗಿ ಸೋರುವದು. ಇಲ್ಲವೆ ಅವಸರವಾದ ಮೇಲೆ ಕ್ಷಣವೂ ತಡೆಯಲಾಗದು. ಹೆರಿಗೆಗಳಿಂದಲೂ ವಯಸ್ಸಿನಿಂದಲೂ ಮೂತ್ರಕೋಶವನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಸಡಿಲಾಗುವದು ಸ್ತ್ರೀಯರಲ್ಲಿ ಇದಕ್ಕೆ ದೊಡ್ಡ ಕಾರಣ. ಪುರುಷರಿಗೂ ಈ ರೋಗವುಂಟು.

ಇದರಿಂದ ಪ್ರಾಣ ಹೋಗದೆಂದು ಜನರು ಇದನ್ನು ಅಲ್ಪವೆಂದು ಎಣಿಸುತ್ತಾರೆ. ಆದರೆ ಜೋಯಿಡಾದ ಕಾಡುಹಳ್ಳಿಯಿಂದ ಬಸ್ಸಿನಲ್ಲಿ ದಾಂಡೇಲಿಗೆ ಹೊರಡಬೇಕಾದ ಒಬ್ಬ ತಾಯಿಯನ್ನು ನೆನಸಿಕೊಳ್ಳಿರಿ. ದಾರಿಯಲ್ಲಿ ಮಾನ ಹೋದೀತೆಂದು ಬೆಳಿಗ್ಗೆಯಿಂದ ನೀರು ಕುಡಿಯಳು. (ನೀರು ಕಡಿಮೆಯಾದರೆ ಮೂತ್ರವು ದಟ್ಟವಾಗಿ ಕೋಶವನ್ನು ಇನ್ನಷ್ಟು ಕೆಣಕುವದೆಂದು ಆಕೆಗೆ ಯಾರು ಹೇಳಿದ್ದಾರೆ?) ಮೊದಲು ಸಂತೆಯನ್ನು ಬಿಡುವಳು, ಬಳಿಕ ಮದುವೆಮನೆಗಳನ್ನು, ಕಡೆಗೆ ಚಾಪೆಯ ಮೇಲೆ ಇತರರ ಮಗ್ಗುಲಲ್ಲಿ ಕೂತು ಪ್ರಾರ್ಥಿಸುವದನ್ನೂ ಬಿಡುವಳು. ನಾವೋ, ಆಕೆಯ ಭಕ್ತಿಯು ತಣ್ಣಗಾಯಿತೆಂದು ಆಡಿಕೊಳ್ಳುತ್ತೇವೆ.

ಒಣ ಬಟ್ಟೆಯನ್ನೂ ಒದ್ದೆಯಾದ ಬಟ್ಟೆಯನ್ನೂ ತೂಗಿ, ಎಷ್ಟು ಮೂತ್ರ ಸೋರಿತೆಂದು ವೈದ್ಯರು ತಿಳಿಯಬಲ್ಲರು. ಆ ತಕ್ಕಡಿಗೆ ಸಂತೆಯ ಸುದ್ದಿ ಗೊತ್ತಿಲ್ಲ. ಆದದರಿಂದ ರೋಗಿಯನ್ನೇ ಕೇಳುವ ಪ್ರಶ್ನಾವಳಿಗಳು ಉಂಟಾದವು. ಲಂಡನ್ನಿನ ಕಿಂಗ್ಸ್ ಆಸ್ಪತ್ರೆಯದು 1997ರಲ್ಲಿ ಬಂತು. 2004ರಲ್ಲಿ ಪ್ರಕಟವಾದ ಐ.ಸಿ.ಐ.ಕ್ಯು. ಎಂಬ ಚಿಕ್ಕ ಪತ್ರದಲ್ಲಿ ಎಷ್ಟು ಸಾರಿ ಎಂಬದಕ್ಕೆ 5, ಎಷ್ಟು ಸೋರುವದೆಂಬದಕ್ಕೆ 6, ದಿನನಿತ್ಯದ ಬಾಳಿಗೆ ಎಷ್ಟು ಅಡ್ಡಿ ಎಂಬದಕ್ಕೆ 10, ಹೀಗೆ 21ರ ವರೆಗೆ ಅಂಕಗಳುಂಟು. ಹೆಚ್ಚು ಕಡಿಮೆ ಅರ್ಧ ತೂಕವು ಬಾಳಿನ ಅಡ್ಡಿಗೇ ಸಲ್ಲುತ್ತದೆ. ಅದನ್ನು ಹೇಳತಕ್ಕವಳು ರೋಗಿಯೇ.

ಒಂದೇ ಪ್ರಮಾಣದ ರೋಗವಿರುವ ಇಬ್ಬರಲ್ಲಿ ಒಬ್ಬಳು ಅಡ್ಡಿಗೆ 2 ಎಂದೂ ಮತ್ತೊಬ್ಬಳು 9 ಎಂದೂ ಹೇಳಿಯಾಳು. ಸುಳ್ಳು ಯಾರದು? ಇಬ್ಬರದೂ ಅಲ್ಲ. ಸ್ವಂತ ಹಿತ್ತಲಲ್ಲಿ ದುಡಿಯುವವಳ ದಿನ ಬೇರೆ, ಗಂಡಸರ ನಡುವೆ ಕೂಲಿಗೆ ನಿಲ್ಲುವವಳ ದಿನ ಬೇರೆ. ನನಗೆ ಭಯವಾಗುವದು ಸೊನ್ನೆ ಎನ್ನುವವಳ ವಿಷಯದಲ್ಲಿಯೇ. ಎಲ್ಲವನ್ನೂ ಬಿಟ್ಟುಕೊಟ್ಟವಳಿಗೆ ಅಡ್ಡಿಯಾಗಲು ಏನು ಉಳಿದಿದೆ? ವಯಸ್ಸಾಯಿತು, ಏನು ಮಾಡುವದು, ಎಂದು ಆಕೆ ನಗುವಳು. ಅಂಥವಳನ್ನು, ಅಮ್ಮಾ, ಮೊದಲು ಮಾಡುತ್ತಿದ್ದು ಈಗ ಬಿಟ್ಟದ್ದು ಏನು, ಎಂದು ಕೇಳಬೇಕು. ಅದನ್ನೂ ಆಕೆಯ ಮನೆಮಾತಿನಲ್ಲಿ ಕೇಳಬೇಕು. ಕೊಂಕಣಿ, ಮರಾಠಿ, ಕನ್ನಡಗಳು ಬೆರೆತ ನಮ್ಮ ಸೀಮೆಯಲ್ಲಿ ಪುಸ್ತಕದ ಶಬ್ದಕ್ಕೆ ಪುಸ್ತಕದ ಉತ್ತರವೇ ಬರುವದು.

ಕೇಳುವದು ವ್ಯರ್ಥವಲ್ಲ. ಆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸವನ್ನು ಅಮೇರಿಕದ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಪ್ರಕಟಿಸಿದರು. ದಾದಿಯಿಂದ ಸರಿಯಾಗಿ ಕಲಿತು ಮೂರು ತಿಂಗಳು ಬಿಡದೆ ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ. ಆಗ ಅದೇ ಪ್ರಶ್ನೆಗಳನ್ನು ತಿರುಗಿ ಕೇಳಬೇಕು. ಅಂಕವನ್ನು ಬರಕೊಂಡ ಮೇಲೆ, ಸಂತೆಗೆ ಹೋಗಿದ್ದಿರೋ ಎಂದೂ ಕೇಳಬೇಕು.