ಒಂದು ಫೋನು, ಸುತ್ತ ಐದು ತಲೆ

ಡಿಜಿಟಲ್ ಕಲಿಕೆ ಎಂದೊಡನೆ ಕಣ್ಣಿಗೆ ಬರುವುದು ಒಂಟಿ ಮಗು. ಬಾಗಿಲು ಹಾಕಿಕೊಂಡ ಕೋಣೆ, ಕಿವಿಗೆ ಇಯರ್‌ಫೋನ್, ಎದುರಿಗೊಂದು ಪರದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕೋವಿಡ್‌ನ ಎರಡು ಮಳೆಗಾಲಗಳಲ್ಲಿ ಎಷ್ಟೋ ಮಕ್ಕಳು ಕಲಿತದ್ದು ಹೀಗಲ್ಲ. ಅವರು ಗುಂಪಾಗಿ ಕಲಿತರು. ಬೇರೆ ದಾರಿ ಇರಲಿಲ್ಲವಾದ್ದರಿಂದ ಹಾಗೆ ಕಲಿತರು ಎಂಬುದು ನಿಜ. ಆದರೂ ಆ ರೀತಿಯಲ್ಲಿ ನಾವು ಬಿಡಬಾರದ ಒಂದು ಗುಣವಿತ್ತು ಎಂದು ನನಗೆ ಅನ್ನಿಸುತ್ತದೆ.

ಈ ಸೀಮೆಯ ಮನೆಗಳು ಒತ್ತೊತ್ತಾಗಿಲ್ಲ. ಕಣಿವೆಯ ತಳದಲ್ಲಿ ಅಡಿಕೆ ತೋಟ, ತೋಟದ ತಲೆಗೆ ಒಂದೋ ಎರಡೋ ಮನೆ, ಅದರ ಮೇಲೆ ಸೊಪ್ಪಿನ ಬೆಟ್ಟ. ಟವರಿನ ಸಿಗ್ನಲ್ ಬೆಟ್ಟದ ನೆತ್ತಿಗೆ ಸಿಕ್ಕರೂ ತಗ್ಗಿನ ಮನೆಗೆ ಇಳಿಯುವುದಿಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ, ಸಾಕಷ್ಟು ಬ್ಯಾಟರಿ ಇಲ್ಲದ ಟವರೂ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ ಮಕ್ಕಳನ್ನು ಮೂರು ಕಾಲ್ಪನಿಕ ಕೊಠಡಿಗಳಲ್ಲಿ ಕೂರಿಸಿತು: ಫೋನೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಫೋನಿನವರು, ಇಂಟರ್‌ನೆಟ್ ಸಹಿತ ಸ್ಮಾರ್ಟ್‌ಫೋನ್ ಇದ್ದವರು. ಮಾಸ್ತರು, ಅಕ್ಕೋರು ಊರೂರಿಗೆ ಬಂದು ದೇವಸ್ಥಾನದ ಪೌಳಿಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

ಆ ವಿಂಗಡಣೆ ಆಡಳಿತಕ್ಕೆ ಬೇಕಿತ್ತು. ಬೆಟ್ಟದ ಮೇಲೆ ಮಾತ್ರ ಮೂರೂ ಕೊಠಡಿಗಳ ಮಕ್ಕಳು ಒಂದೇ ಕಡೆ ಸೇರುತ್ತಿದ್ದರು. ದೇವನಳ್ಳಿ ಕಡೆಯ ಒಂದು ಬೆಟ್ಟದಲ್ಲಿ, ನಾಲ್ಕು ಗೂಟ ಹುಗಿದು ತಾಡಪಾಲು ಕಟ್ಟಿದ ಗೂಡಿನೊಳಗೆ ನಾನು ಕಂಡದ್ದು ಐದು ಮಕ್ಕಳು, ಒಂದು ಫೋನು. ಕಾಲಿಗೆ ಉಂಬಳ ಹತ್ತದಿರಲೆಂದು ಎಲ್ಲರೂ ಸುಣ್ಣ, ಹೊಗೆಸೊಪ್ಪು ಸವರಿಕೊಂಡಿದ್ದರು. ಹತ್ತನೇ ತರಗತಿಯ ರೇಖಾಗಣಿತ, ಥೇಲ್ಸನ ಪ್ರಮೇಯ. ವಿಡಿಯೊ ಅರ್ಧಕ್ಕೆ ನಿಂತು ಚಕ್ರ ತಿರುಗತೊಡಗಿತು. ಯಾರೂ ಎದ್ದು ಹೋಗಲಿಲ್ಲ. ಒಬ್ಬ ಹುಡುಗಿ ಒದ್ದೆ ಮಣ್ಣಿನಲ್ಲಿ ಕಡ್ಡಿಯಿಂದ ತ್ರಿಭುಜ ಗೀಚಿ, ನಡುವೆ ಒಂದು ಅಡ್ಡಗೀಟು ಎಳೆದಳು. ‘ಈ ಗೀಟು ಸಮಾಂತರ ಹೇಳಿ ಎಲ್ಲಿದ್ದು?’ ಎಂದು ಪಕ್ಕದವನು ಜಗಳಕ್ಕೇ ನಿಂತ. ಸಮಾಂತರ ಅಲ್ಲದಿದ್ದರೆ ಅನುಪಾತ ಸರಿಬರುವುದಿಲ್ಲ ಎಂದು ಅವಳು ಇನ್ನೊಂದು ಓರೆ ಗೀಟು ಎಳೆದು ತೋರಿಸಿದಳು. ವಿಡಿಯೊ ಮತ್ತೆ ಓಡುವ ಹೊತ್ತಿಗೆ ಮುಂದೆ ಮಾಸ್ತರು ಏನು ಹೇಳಬೇಕು ಎಂಬುದು ಅವರಿಗೆ ಗೊತ್ತಾಗಿತ್ತು.

ಇಷ್ಟನ್ನೇ ನೋಡಿ ಹಿಗ್ಗುವ ಹಾಗಿಲ್ಲ. ಆ ಬೆಟ್ಟಕ್ಕೆ ಬರಲಾಗದ ಮಕ್ಕಳೂ ಇದ್ದರು. ಯಲ್ಲಾಪುರದ ಕಾಡಂಚಿನ ಸಿದ್ದಿ ಮನೆಗಳಲ್ಲಿ, ಗೌಳಿವಾಡಾಗಳಲ್ಲಿ ಮನೆಗಿದ್ದ ಒಂದೇ ಫೋನು ಬೆಳಿಗ್ಗೆ ಅಪ್ಪನ ಜೊತೆ ಕೂಲಿಗೆ ಹೋದರೆ ಕತ್ತಲೆಗೇ ತಿರುಗಿ ಬರುತ್ತಿತ್ತು. ಹೆಣ್ಣುಮಕ್ಕಳನ್ನು ಒಬ್ಬರೇ ಬೆಟ್ಟಕ್ಕೆ ಕಳಿಸಲು ಎಷ್ಟೋ ಮನೆಗಳು ಒಪ್ಪಲಿಲ್ಲ. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು, ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ ಎರಡೇ ದಿನದಲ್ಲಿ ಮುಗಿಯಿತು. ಅದರ ಬೆನ್ನಿಗೇ ಸುರಿದ ಮಳೆಗೆ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು. ರಸ್ತೆಯೇ ಕಡಿದುಹೋದ ಊರಿನಲ್ಲಿ ನೆಟ್‌ವರ್ಕಿನ ಮಾತು ಎಲ್ಲಿಂದ ಬರಬೇಕು?

ಫೋನಿದ್ದ ಕಡೆಯೂ ಕಲಿಕೆ ತಾನಾಗಿ ಕೂಡಿ ಬರಲಿಲ್ಲ. ತರಗತಿಯ ವಾಟ್ಸಾಪ್ ಗುಂಪು ಎಷ್ಟೋ ಕಡೆ ನೋಟಿಸ್ ಬೋರ್ಡೇ ಆಗಿಬಿಟ್ಟಿತು. ಅಡ್ಮಿನ್ ಮಾತ್ರ ಬರೆಯಬಹುದು, ಮಕ್ಕಳು ನೋಡಬಹುದು. ಅದರ ಹಿಂದೆಯೇ ಮಕ್ಕಳದೇ ಇನ್ನೊಂದು ಗುಂಪು, ಅಲ್ಲಿ ಯಾರೋ ಒಬ್ಬರು ಬರೆದ ಉತ್ತರದ ಫೋಟೊ ಎಲ್ಲರಿಗೂ ಹಂಚಿಕೆ. ಮೂವತ್ತು ಪಟ್ಟಿಗಳಲ್ಲಿ ಒಂದೇ ತಪ್ಪು ಒಂದೇ ಸಾಲಿನಲ್ಲಿ ಇರುವುದನ್ನು ತಿದ್ದಿದ ಶಿಕ್ಷಕರು ಬಲ್ಲರು. ಉತ್ತರ ಹಂಚಿಕೊಳ್ಳುವುದನ್ನು ಸಹಕಾರ ಎಂದು ಕರೆಯಲು ನನಗೆ ಮನಸ್ಸಿಲ್ಲ. ಗೊತ್ತಿದ್ದವನು ಗೊತ್ತಿಲ್ಲದವನಿಗೆ ತನ್ನ ಮಾತಿನಲ್ಲೇ ಒಂದು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಲೆಕ್ಕ ಬಿಡಿಸಿ ಹೇಳಲಿ, ಕೇಳಿದವನು ತಿರುಗಿ ಪ್ರಶ್ನೆ ಹಾಕಲಿ. ಮಾಸ್ತರು ಅದನ್ನು ಕೇಳಿಸಿಕೊಂಡು ತಪ್ಪಿದ ಕಡೆ ಮಾತ್ರ ತಿದ್ದಲಿ. ಇದಕ್ಕೆ ದುಬಾರಿ ಫೋನು ಬೇಡ, ಹೆಚ್ಚು ಡೇಟಾವೂ ಬೇಡ.

ಹೊರಗಿನ ಅನುಭವವೂ ಇದಕ್ಕೆ ದೂರವಿಲ್ಲ. ಪೆರು ದೇಶ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಶಾಲೆಗಳಿಗೆ ಹಂಚಿತು. 2012ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಮಕ್ಕಳ ಗಣಿತ, ಭಾಷೆಗಳಲ್ಲಿ ಸುಧಾರಣೆ ಕಾಣಲಿಲ್ಲ. ಇತ್ತ 1999ರಲ್ಲಿ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಯೊಂದನ್ನು ಕೊರೆದು ಒಂದು ಕಂಪ್ಯೂಟರ್ ಇಟ್ಟಾಗ, ಪಕ್ಕದ ಕೊಳೆಗೇರಿಯ ಮಕ್ಕಳು ಸುತ್ತ ನೆರೆದು ಒಬ್ಬರಿಗೊಬ್ಬರು ಹೇಳಿಕೊಟ್ಟು ಅದನ್ನು ಬಳಸಲು ಕಲಿತರು. ಮಾಸ್ತರೇ ಬೇಡ ಎಂಬಲ್ಲಿಯವರೆಗೆ ಆ ಪ್ರಯೋಗವನ್ನು ಎಳೆಯುವುದು ತಪ್ಪು. ಆದರೆ ಯಂತ್ರದ ಎದುರು ಮಕ್ಕಳು ಮಾತಾಡಿಕೊಂಡಾಗ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು.

ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಕಣಿವೆಗಳಿಗೂ ಸಿಗ್ನಲ್ ಬರಲಿ, ಬರಲೇಬೇಕು. ಟವರಿನ ಜೊತೆ ಮಳೆಗಾಲ ದಾಟುವಂಥ ಬ್ಯಾಟರಿಯೂ ಬರಲಿ. ಆದರೆ ಮನೆಮನೆಗೆ ನೆಟ್ ಬಂದು, ಪ್ರತಿ ಮಗುವೂ ತನ್ನ ಕೋಣೆ ಸೇರಿ ಒಂಟಿಯಾಗಿ ವಿಡಿಯೊ ನೋಡುತ್ತ ಕೂತರೆ ಬೆಟ್ಟದ ಮೇಲಿನ ಆ ವಾದ ಎಲ್ಲಿ ನಡೆಯಬೇಕು? ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಡೆಯಬೇಕು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಡೆಯಬೇಕು. ಹಲವು ಕೇಂದ್ರಗಳಲ್ಲಿ ಈಗ ಕಂಪ್ಯೂಟರ್ ಇದೆ. ದೂರದ ಮಜರೆಗಳ ಮಕ್ಕಳು ಅಲ್ಲಿಗೆ ಬರಬಹುದಾದ ಹೊತ್ತೆಂದರೆ ಶಾಲೆ ಬಿಟ್ಟ ಮೇಲೆ, ಕೊನೆಯ ಬಸ್ಸಿಗೆ ಮುಂಚೆ. ಆ ಒಂದು ಗಂಟೆ ಬಾಗಿಲು ತೆರೆದಿರುವಂತೆ ಪಂಚಾಯಿತಿ ನೋಡಿಕೊಳ್ಳಲಿ. ಒಂದು ಕಂಪ್ಯೂಟರಿನ ಮುಂದೆ ನಾಲ್ಕು ಕುರ್ಚಿ ಇಡಲಿ, ಪಕ್ಕದಲ್ಲೊಂದು ಕರಿಹಲಗೆಯೂ ಇರಲಿ. ಮಕ್ಕಳು ಗದ್ದಲ ಮಾಡಿದರೆ ಸುಮ್ಮನಿರಿ ಎಂದು ಗದರಿಸದಂತೆ ಅಲ್ಲಿಯ ಮೇಲ್ವಿಚಾರಕರಿಗೆ ಮೊದಲೇ ಹೇಳಿಡಬೇಕು.