ಆತುರಗಾರನೂ ಜುಟ್ಟಿನ ಗಿಣಿಯೂ

ಆತುರಗಾರನಿಗೆ ಬುದ್ಧಿ ಮಟ್ಟ. ಅವಸರಕ್ಕೆ ಬಿದ್ದು ಕೆಲಸ ಕೆಡಿಸಿಕೊಂಡವರನ್ನು ಕಂಡಾಗ ಈ ಗಾದೆ ಬಾಯಿಗೆ ಬರುತ್ತದೆ. ಆದರೆ ಗಾದೆ ಬೊಟ್ಟು ಮಾಡುವುದು ಕೆಲಸ ಕೆಡುವುದಕ್ಕಿಂತ ಮುಂಚಿನ ಸ್ಥಿತಿಗೆ. ಆತುರ ಹತ್ತಿದವನಿಗೆ ಕಣ್ಣೆದುರಿಗೆ ಇರುವುದೂ ಕಾಣಿಸುವುದಿಲ್ಲ. ಇದೆಷ್ಟು ನಿಜವೆಂದು ತಿಳಿಯಬೇಕಾದರೆ ಹೊಸದಾಗಿ ಕಾಕಟೂ ಗಿಣಿ ತಂದವರ ಮನೆಗೆ ಮೊದಲ ವಾರ ಹೋಗಿ ನೋಡಬೇಕು.

ಅಂಬ್ರೆಲಾ ಕಾಕಟೂ ಎಂಬ ಬಿಳಿ ಜುಟ್ಟಿನ ಗಿಣಿಯ ತವರು ಇಂಡೋನೇಷ್ಯಾದ ಹಾಲ್ಮಹೇರಾ ಮತ್ತು ಅದರ ಸುತ್ತಲ ದ್ವೀಪಗಳು. ನಮ್ಮಲ್ಲಿಗೆ ದತ್ತು ಬರುವ ಹಕ್ಕಿ ಅಷ್ಟರಲ್ಲೇ ಇನ್ನೊಂದು ಮನೆ ಕಂಡಿರುತ್ತದೆ. ಬೆಳಿಗ್ಗೆ ಸಂಜೆ ಬೀದಿಗೆಲ್ಲ ಕೇಳುವ ಅರಚಾಟ, ಸೋಫಾದ ಮೇಲೆಲ್ಲ ಕೂರುವ ಪುಕ್ಕದ ಬಿಳಿ ಹುಡಿ, ಕಡಿದುಹಾಕಿದ ಬಾಗಿಲ ಚೌಕಟ್ಟು, ಇವುಗಳಿಂದ ಬೇಸತ್ತವರು ಬಿಟ್ಟುಕೊಟ್ಟಿರುತ್ತಾರೆ. (ಕಾಗದಪತ್ರ ಮೊದಲೇ ನೋಡಿಕೊಳ್ಳಿ. ನಮ್ಮೂರಿನ ಹಸಿರು ಗಿಣಿಯನ್ನು ಸಾಕಲು ಕಾನೂನಿನಲ್ಲಿ ಅವಕಾಶವಿಲ್ಲ. ಕಾಕಟೂ ಸಾಕುವವರು 2024ರ ನಿಯಮಗಳಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.) ಗುಂಪಿನಲ್ಲಿ ಬಾಳುವ ಜಾತಿಯ ಹಕ್ಕಿ ಈ ಕಾಕಟೂ. ನಾವು ಆಸರೆ ಕೊಟ್ಟೆವೆಂದು ಅದಕ್ಕೇನು ಗೊತ್ತು? ತನ್ನವರು ಕಾಣುತ್ತಿಲ್ಲ, ಇದು ತನ್ನ ಜಾಗವಲ್ಲ, ಅಷ್ಟೇ ಗೊತ್ತು.

ಇಂಥ ಹಕ್ಕಿಯ ಪಂಜರದೊಳಗೆ ಮೊದಲ ದಿನವೇ ಕೈ ಹೋಗುತ್ತದೆ. ಆಗ ಹಕ್ಕಿಯನ್ನೇ ದಿಟ್ಟಿಸಿ ನೋಡಿ. ಪುಕ್ಕವೆಲ್ಲ ಮೈಗೆ ಅಂಟಿಕೊಂಡು ಹಕ್ಕಿ ಸಣ್ಣಗಾಗುತ್ತದೆ. ಜುಟ್ಟು ನೆಟ್ಟಗೆ ನಿಲ್ಲುತ್ತದೆ. ಮೈ ಹಿಂದಕ್ಕೆ ವಾಲುತ್ತದೆ, ಬಾಯಿ ತೆರೆದು ಬುಸ್ಸೆನ್ನುತ್ತದೆ. ಕೈ ಆಗಲೂ ಮುಂದಕ್ಕೇ ಹೋದರೆ ಗಟ್ಟಿ ಕಾಯಿಗಳನ್ನು ಒಡೆಯುವ ಆ ಕೊಕ್ಕು ಬೆರಳಿಗೆ ಬೀಳುತ್ತದೆ. 'ಇದ್ದಕ್ಕಿದ್ದಂತೆ ಕಚ್ಚಿಬಿಟ್ಟಿತು' ಎನ್ನುತ್ತಾರೆ ಮನೆಯವರು. ಹಕ್ಕಿ ಮೈಯೆಲ್ಲ ಬಾಯಾಗಿ ಬೇಡ ಬೇಡವೆಂದಿತ್ತು. ಅವರಿಗೆ ಅದು ಕಾಣಿಸಲಿಲ್ಲ. ಬುದ್ಧಿ ಮಟ್ಟವಾಗುವುದೆಂದರೆ ಇದೇ.

ಹಾಗಾದರೆ ಸುಮ್ಮನೆ ಕಾಯಬೇಕೆ? ಬರೀ ಕಾಯುವುದನ್ನೇ ತಾಳ್ಮೆ ಎಂದು ನಾನು ಒಪ್ಪುವುದಿಲ್ಲ. ಪಂಜರದಿಂದ ದೂರದಲ್ಲಿ, ಹಕ್ಕಿಗೆ ಅರೆಬೆನ್ನಾಗಿ ಕೂತು ಪೇಪರ್ ಓದಿ, ಗಟ್ಟಿಯಾಗಿಯೇ ಓದಿ. ಎಷ್ಟು ಹತ್ತಿರ ಬಂದಾಗ ಅದು ತಿನ್ನುವುದನ್ನು ನಿಲ್ಲಿಸುತ್ತದೋ ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿಯಿರಿ. ಸೂರ್ಯಕಾಂತಿ ಬೀಜವೆಂದರೆ ಅದಕ್ಕೆ ಪ್ರಾಣ. ಕೊಬ್ಬು ಜಾಸ್ತಿಯಾದ್ದರಿಂದ ಬಟ್ಟಲಲ್ಲಿ ತುಂಬಿಡುವುದು ಹೇಗೂ ಸಲ್ಲ. ಅದನ್ನು ನಿಮ್ಮ ಕೈಗೆ ಮಾತ್ರ ಮೀಸಲಿಟ್ಟು, ಕಂಬಿಯ ಹೊರಗಿನಿಂದ ಒಂದೊಂದೇ ಹಿಡಿಯಿರಿ. ಮುಖ ತಿರುಗಿಸಿತೋ, ಕೈ ಹಿಂದಕ್ಕೆ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಇಡೀ ಸಾಕಣೆಯ ಗುಟ್ಟು ಆ ಹಿಂದೆ ತೆಗೆದುಕೊಳ್ಳುವುದರಲ್ಲಿದೆ. ತಾನು ಬೇಡವೆಂದರೆ ಈ ಮನುಷ್ಯ ಕೇಳುತ್ತಾನೆ ಎಂದು ಹಕ್ಕಿಗೆ ತಿಳಿಯುವುದು ಅಲ್ಲಿಯೇ. ಬೇಡವೆಂಬ ಮಾತು ನಡೆಯುವ ಮನೆಯಲ್ಲಿ ಕಚ್ಚುವ ಅಗತ್ಯ ಅದಕ್ಕೆ ಬರುವುದಿಲ್ಲ.

ಉಪವಾಸ ಕೆಡವಿದರೆ ತಾನೇ ಪಳಗುತ್ತದೆ, ಟವೆಲ್ ಸುತ್ತಿ ಗಟ್ಟಿಯಾಗಿ ಹಿಡಿದರೆ ಹೆದರಿಕೆ ಬಿಡುತ್ತದೆ ಎಂದು ಹೇಳಿಕೊಡುವವರಿದ್ದಾರೆ. ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಸೋತು ಸುಮ್ಮನಾದ ಹಕ್ಕಿ ಪಳಗಿದ ಹಕ್ಕಿಯಂತೆ ಕಾಣುತ್ತದೆ, ಅಷ್ಟೆ.

ತಾಳ್ಮೆಯಲ್ಲಿ ಹಕ್ಕಿ ನಮಗಿಂತ ಕಡಿಮೆಯದೇನಲ್ಲ. 2013ರಲ್ಲಿ ವಿಯೆನ್ನಾದ ಸಂಶೋಧಕಿ ಆಲಿಸ್ ಔವರ್ಸ್‌ಪರ್ಗ್ ಮತ್ತು ಸಂಗಡಿಗರು ಗಾಫಿನ್ ಎಂಬ ಇನ್ನೊಂದು ಜಾತಿಯ ಕಾಕಟೂಗಳ ಕೊಕ್ಕಿಗೆ ಪೀಕನ್ ಬೀಜ ಕೊಟ್ಟು, ತಿನ್ನದೆ ಹಿಂದಿರುಗಿಸಿದರೆ ಗೋಡಂಬಿ ಎಂದು ಕಲಿಸಿದರು. ಇಷ್ಟದ ತಿಂಡಿಯನ್ನು ಕೊಕ್ಕಿನಲ್ಲೇ ಕಚ್ಚಿಕೊಂಡು ಅವು 80 ಸೆಕೆಂಡಿನವರೆಗೂ ಕಾದವು. ನಾಲಿಗೆಗೆ ತಾಕುತ್ತಿರುವುದನ್ನು ನುಂಗದೆ ಇರುವುದು ನಮ್ಮ ಮಕ್ಕಳಿಗೂ ಕಷ್ಟ.

ನಂಬಿಕೆ ಬಂತೆಂಬುದಕ್ಕೆ ಹಕ್ಕಿ ಕೈ ಮೇಲೆ ಕೂರಲೇಬೇಕೆಂದಿಲ್ಲ. ನೀವು ಕೋಣೆಯಲ್ಲಿರುವಾಗಲೇ ಕೆನ್ನೆಯ ಪುಕ್ಕ ಉಬ್ಬಿ ಕೊಕ್ಕನ್ನು ಅರ್ಧ ಮುಚ್ಚುತ್ತದೆ, ಒಂದು ಕಾಲು ಮೇಲೆ ಹೋಗುತ್ತದೆ, ಕೊಕ್ಕು ಮಸೆಯುವ ಕರಕರ ಸದ್ದು ಕೇಳುತ್ತದೆ. ತೂಕಡಿಸುವ ಮುಂಚಿನ ಸದ್ದದು.

ಇಲ್ಲಿಗೆ ಬಂದ ಮೇಲೆ ಪ್ರೀತಿಯ ಆತುರವೊಂದು ಕಾದಿರುತ್ತದೆ. ತಲೆ, ಕುತ್ತಿಗೆ ಸವರಿದರೆ ಸಾಕು. ಬೆನ್ನು, ರೆಕ್ಕೆಯ ಕೆಳಗೆ ಸವರಿದರೆ ಹಕ್ಕಿಗೆ ಜೋಡಿಯ ಬಯಕೆ ಕೆರಳುತ್ತದೆ. ಇಡೀ ದಿನ ಎದೆಗೊತ್ತಿಕೊಂಡು ಆಮೇಲೆ ಕೆಲಸಕ್ಕೆ ಹೊರಟರೆ ಅದು ಅರಚುತ್ತದೆ, ತನ್ನ ಪುಕ್ಕವನ್ನು ತಾನೇ ಕಿತ್ತುಕೊಳ್ಳಲೂ ಬಹುದು. ಮೊದಲಿನಿಂದಲೇ ಕಡಿಯಲು ಮೆತ್ತನೆಯ ಮರದ ತುಂಡು, ಬಿಚ್ಚಿ ತಿನ್ನಲು ಕಾಗದದಲ್ಲಿ ಸುತ್ತಿದ ಕಾಳು ಕೊಟ್ಟು, ಒಂಟಿಯಾಗಿರುವ ಹೊತ್ತನ್ನೂ ಅಭ್ಯಾಸ ಮಾಡಿಸಬೇಕು.

ಈ ಹಕ್ಕಿಗಳ ಆಯಸ್ಸೂ ದೊಡ್ಡದು. ಅಮೆರಿಕದ ಬ್ರೂಕ್‌ಫೀಲ್ಡ್ ಮೃಗಾಲಯದ ಕುಕಿ ಎಂಬ ಕಾಕಟೂ 2016ರಲ್ಲಿ ತೀರಿಕೊಂಡಾಗ ಅದಕ್ಕೆ 83 ವರ್ಷ. ಎಲ್ಲವೂ ಅಷ್ಟು ಬಾಳದಿರಬಹುದು, ಆದರೂ ನಡುವಯಸ್ಸಿನಲ್ಲಿ ತಂದ ಹಕ್ಕಿ ತಂದವರಿಗಿಂತ ಹೆಚ್ಚು ಕಾಲ ಉಳಿಯುವುದು ಉಂಟು. ಹಾಗಾಗಿ ಮೊದಲ ತಿಂಗಳಿಂದಲೇ ಮನೆಯ ಕಿರಿಯರೊಬ್ಬರು ಪಂಜರದ ಬಳಿ ಕೂರಲಿ. ಹಕ್ಕಿ ಅವರ ಕೈಯಿಂದಲೂ ಬೀಜ ತಿನ್ನಲಿ.